ಗಿಲೇನ್ ಎಳೆದ ಗೋಡೆ

ವಾಲ್‌ಬ್ರೂನ್ ಊರಿನಲ್ಲಿ 'ನೋಟರಿ ಮನೆ' ಎಂದೇ ಹೆಸರಾದ ಕಲ್ಲಿನ ಮನೆ ಕಟ್ಟಿ ನಾನೂರು ವರ್ಷ ದಾಟಿತ್ತು. ಅದರ ಕೆತ್ತನೆಯ ಕಿಟಕಿಗಳಿಗೂ ಸುರುಳಿ ಮೆಟ್ಟಿಲ ಗೋಪುರಕ್ಕೂ ಸರ್ಕಾರದ ರಕ್ಷಣೆಯಿತ್ತು. ಅಪ್ಪಣೆಯಿಲ್ಲದೆ ಅಲ್ಲಿ ಒಂದು ಮೊಳೆ ಹೊಡೆಯುವಂತಿರಲಿಲ್ಲ. ಆದರೆ ಕಾಗದದ ಮೇಲಿನ ರಕ್ಷಣೆ ಗೋಡೆಗೆ ಗೊತ್ತಾಗಬೇಕಲ್ಲ? ಆ ಚಳಿಗಾಲ ಮುಗಿಯುವಷ್ಟರಲ್ಲಿ ಬೀದಿ ಕಡೆಯ ಗೋಡೆ ನಾಲ್ಕು ಬೆರಳು ಮುಂದಕ್ಕೆ ವಾಲಿತು. ಕೆಳಗಡೆ ಬ್ರೆಡ್ಡಿನಂಗಡಿ ಇಟ್ಟಿದ್ದ ಮನೆಯೊಡತಿ ಮಾತ್ಯುರೀನ್ ಗಂಟುಮೂಟೆ ಕಟ್ಟಿ ತಂಗಿಯ ಮನೆ ಸೇರಿದಳು.

"ಕಲ್ಲಿಗೆ ನಂಬರ್ ಬರೆದು ಬಿಚ್ಚೋದು, ಮತ್ತೆ ಕಟ್ಟೋದು. ಬೇರೆ ದಾರಿಯೇ ಇಲ್ಲ," ಎಂದು ಕಂಟ್ರಾಕ್ಟರ್ ರುಬೋ ಚೌಕದಲ್ಲಿ ನಿಂತು ತೀರ್ಪು ಕೊಟ್ಟ.

"ನೀನು ಬಿಚ್ಚಿದ್ದು ಯಾವತ್ತು ಮೊದಲಿನ ಹಾಗೆ ಆಗಿದೆ ಹೇಳು ಮಾರಾಯ?" ಎಂದಳು ಗಿಲೇನ್.

ಸುತ್ತಲಿದ್ದವರು ನಕ್ಕರು. ಗಿಲೇನ್ ಆ ಊರಿನ ಕಮ್ಮಾರಳು. ಅಪ್ಪ ಬಿಟ್ಟುಹೋದ ಕುಲುಮೆಯನ್ನು ಮೂವತ್ತು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಳು. ಈಚೆಗಂತೂ ಜನ ಅವಳ ಬಾಗಿಲಿಗೆ ಬರುತ್ತಿದ್ದದ್ದು ದ್ರಾಕ್ಷಿ ಕೊಯ್ಯುವ ಕತ್ತರಿಗೆ ಸಾಣೆ ಹಿಡಿಸಲು ಮಾತ್ರ. ಅದು ಅವಳಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಸ್ಮಾರಕಗಳ ಇಲಾಖೆಯಿಂದ ದೆಲ್ಪೆಶ್ ಎಂಬ ಎಂಜಿನಿಯರ್ ಬಂದಾಗ ಅವಳು ನೇರವಾಗಿ ಎದುರು ನಿಂತಳು. "ಬಿಚ್ಚೋದು ಬೇಡ ಸರ್. ಮನೆ ಒಳಗೆ ಈ ಗೋಡೆಯಿಂದ ಆ ಗೋಡೆಗೆ ಮೂರು ಕಬ್ಬಿಣದ ಸರಳು ಹಾಯಿಸೋಣ. ಕಾಯಿಸಿದ್ರೆ ಸರಳು ಉದ್ದ ಆಗುತ್ತೆ, ಆಗ ತುದಿಯ ತಿರುಪು ಬಿಗಿ ಮಾಡೋದು. ತಣ್ಣಗಾಗ್ತಾ ಕುಗ್ಗಿ ಗೋಡೇನ ತನ್ನ ಜೊತೆ ಎಳ್ಕೊಂಡು ಬರುತ್ತೆ. ನಮ್ಮಪ್ಪ ಒಂದು ಕಣಜದ ಗೋಡೆ ಹೀಗೇ ಎಳೆದಿದ್ದ."

"ನಾನೂರು ವರ್ಷದ ಮನೆಯೊಳಗೆ ಬೆಂಕಿ ಹಾಕ್ತೀಯೇನಮ್ಮ?"

"ಬೆಂಕಿ ಅಲ್ಲ ಸರ್, ಕೆಂಡ. ಕೆಳಗೆ ಒದ್ದೆ ಮರಳು ಹಾಸಿರ್ತೀನಿ. ಭಯ ಆದ್ರೆ ನೀರಿನ ಪಂಪು ನೀವೇ ಹಿಡ್ಕೊಂಡು ನಿಂತ್ಕೊಳ್ಳಿ."

ದೆಲ್ಪೆಶ್ ಹಿಂದಿನ ಗೋಡೆಯನ್ನು ಹೋಗಿ ನೋಡಿದ. ಅದು ಬೆಟ್ಟದ ಬಂಡೆಗೆ ಆತುಕೊಂಡಿತ್ತು, ಜಗ್ಗುವ ಮಾತೇ ಇರಲಿಲ್ಲ. "ಆರು ದಿನ ಕೊಡ್ತೀನಿ. ಒಂದು ಕಲ್ಲು ಬಿರುಕು ಬಿಟ್ರೂ ನಿಲ್ಲಿಸಿಬಿಡ್ತೀನಿ," ಎಂದ.

ಮೊದಲ ದಿನ ಕಾಯಿಸಿ, ಬಿಗಿದು, ತಣಿಸಿದ್ದಾಯಿತು. ಗೋಡೆಯ ನೆತ್ತಿಯಿಂದ ದಾರ ಕಟ್ಟಿ ಇಳಿಬಿಟ್ಟ ತೂಗುಗುಂಡು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಎರಡನೆಯ ದಿನ ನಡುವಿನ ಸರಳಿನ ತಿರುಪು ಗುಂಡು ಹೊಡೆದಂತೆ ಸದ್ದು ಮಾಡಿ ಕಿತ್ತುಬಂತು.

"ಗಿಲೇನ್, ಗೋಡೆ ನಿನ್ನ ಮಾತು ಕೇಳಲ್ವಂತೆ!" ರುಬೋ ಬೀದಿಯಿಂದ ಕೂಗಿದ.

ಅಪ್ಪ ಎಳೆದದ್ದು ಒರಟು ಕಣಜ, ಇದು ಹೂಬಳ್ಳಿ ಕೆತ್ತಿದ ಗೋಡೆ. ಗಿಲೇನ್ ಏಣಿ ಹತ್ತಿ, ಹೊರಗಡೆ ಸರಳಿನ ತುದಿ ಹಿಡಿದಿದ್ದ ಕಬ್ಬಿಣದ ಬಿಲ್ಲೆಗಳನ್ನು ಬೆರಳಿಂದ ತಡವಿದಳು. ಬಿಲ್ಲೆಗಳ ಅಂಚು ಮೆತ್ತನೆಯ ಗಾರೆಯಲ್ಲಿ ಹೂತುಹೋಗಿತ್ತು! ಎಳೆತವೆಲ್ಲ ಗಾರೆಗೆ ಹೋಗಿತ್ತು, ಗೋಡೆಗೆ ತಲುಪಿರಲೇ ಇಲ್ಲ.

ಮೂರನೆಯ ದಿನವಿಡೀ ಅವಳ ಸುತ್ತಿಗೆ ನಿಲ್ಲಲಿಲ್ಲ. ಬಿಲ್ಲೆಗಳ ಬದಲು, ಗಾರೆಯಲ್ಲಿ ಹೂಳದೆ ಕಲ್ಲಿಗೇ ಆತುಕೊಳ್ಳುವಂಥ, ಬಾಗಿಲಷ್ಟು ಅಗಲದ ಶಿಲುಬೆಯಾಕಾರದ ಮೂರು ಪಟ್ಟಿ, ಜೊತೆಗೆ ಹೊಸ ತಿರುಪು. ನಾಲ್ಕನೆಯ ದಿನ ಮಧ್ಯಾಹ್ನ ಸರಳುಗಳು ತಣಿಯತೊಡಗಿದಾಗ ಗೋಡೆಯೊಳಗಿಂದ ಮುದುಕ ಎದ್ದು ಕೂರುವಾಗಿನ ನರಳಾಟದಂಥ ಸದ್ದು ಬಂತು. ದೆಲ್ಪೆಶ್ ಅಳೆದ. ನಂಬದೆ ಮತ್ತೆ ಅಳೆದ.

"ಒಂದು ಬೆರಳು ಹಿಂದೆ ಬಂದಿದೆ!"

ಆಮೇಲೆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾದ್ರಿಯಿಂದ ಹಿಡಿದು ಎಲ್ಲರೂ ಇದ್ದಿಲು ಹೊತ್ತರು. ಆರನೆಯ ದಿನ ಕೊನೆಯ ಬಿಗಿತಕ್ಕೆ ಗಿಲೇನ್ ಒಬ್ಬಳ ಬಲ ಸಾಲದೆ ಹೋದಾಗ, ಕೋಟು ಕಳಚಿ ಬಂದವನು ರುಬೋ.

"ಸರಿ ಆಚೆ, ನಾನೂ ಒಂದು ಕೈ ಹಾಕ್ತೀನಿ."

"ಹಾಕು. ಆದ್ರೆ ಬಿಚ್ಚೋ ಕಡೆಗೆ ತಿರುಗಿಸಬೇಡ, ಅಭ್ಯಾಸಬಲ!"

ನಗುತ್ತಲೇ ಇಬ್ಬರೂ ಸೇರಿ ತಿರುಪು ಬಿಗಿದರು. ಸಂಜೆಗೆ ತೂಗುಗುಂಡಿನ ದಾರ ಗೋಡೆಗೆ ಸರಿಸಮನಾಗಿ ನಿಂತಿತು. ಕೆತ್ತನೆಯ ಒಂದು ಎಲೆಯೂ ಉದುರಿರಲಿಲ್ಲ. ಮಾತ್ಯುರೀನ್ ಓಡಿ ಬಂದು ಗಿಲೇನಳ ಮಸಿ ಹಿಡಿದ ಕೆನ್ನೆಗೆ ಎರಡೂ ಕಡೆ ಮುತ್ತಿಟ್ಟಳು. ಜನ ಟೋಪಿ ಹಾರಿಸಿ ಕೇಕೆ ಹಾಕಿದರು.

ದೆಲ್ಪೆಶ್ ಎಲ್ಲರೆದುರು ವರದಿ ಬರೆದು ಸಹಿ ಹಾಕಿ, ಅವಳ ಕಡೆ ತಿರುಗಿದ. "ಮೇಡಂ, ನದಿಯಾಚೆ ಒಂದು ಚರ್ಚಿನ ಗೋಪುರ ಇದೆ. ಅದನ್ನ ಯಾರೂ ಮುಟ್ಟೋ ಧೈರ್ಯ ಮಾಡ್ತಿಲ್ಲ."

ಗಿಲೇನ್ ಕೈ ಒರೆಸಿಕೊಂಡಳು. "ಯಾವ ಕಡೆಗೆ ವಾಲಿದೆ ಸರ್?"