ಹದಿನೈದಕ್ಕೆ ಎರಡು

ಆಲೂರಿನ ಹತ್ತಿರದ ಒಂದು ಊರಿನಲ್ಲಿ ಶೇಂಗಾ ಬಿಡಿಸುವವರಿಗೆ ಕೂಲಿ ಎಂದರೆ ಶೇಂಗಾವೇ. ಬಳ್ಳಿಯಿಂದ ಕಾಯಿ ಬಿಡಿಸಿ ಏಳು ಬುಟ್ಟಿ ತುಂಬಿದರೆ ಆರು ಹೊಲದವನಿಗೆ, ಒಂದು ಬಿಡಿಸಿದವರಿಗೆ. ಅಜ್ಜ ಮುತ್ತಜ್ಜರ ಕಾಲದ ಈ ಲೆಕ್ಕದ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ಹೊಲದವರಲ್ಲಿ ನರಸಪ್ಪನೊಬ್ಬನನ್ನು ಬಿಟ್ಟು.

ನರಸಪ್ಪ ಕೆಟ್ಟವನಲ್ಲ. ಏಳನೇ ತರಗತಿಯಲ್ಲಿ ಲೆಕ್ಕಕ್ಕೆ ಶಾಲೆಗೇ ಮೊದಲು ಬಂದಿದ್ದ. ಆ ಜಂಬ ನಲವತ್ತು ವರ್ಷವಾದರೂ ತಲೆಯಿಂದ ಇಳಿದಿರಲಿಲ್ಲ, ಅಷ್ಟೇ. ಹೆಂಗಸರ ತಂಡ ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಹೋಗುವ ವೀರಬಸಮ್ಮ ಪಾಲಿನ ವಿಷಯದಲ್ಲಿ ಯಾರಿಗೂ ಸೋತವಳಲ್ಲ ಎಂದು ಊರೇ ಹೇಳುತ್ತಿತ್ತು. ಶಾಲೆಯ ಮುಖವನ್ನೇ ನೋಡದ ಹೆಂಗಸಿಗೆ ಅಂಥ ಹೆಸರು ಬಂದದ್ದು ಅವನಿಗೆ ನುಂಗಲಾರದ ತುತ್ತಾಗಿತ್ತು. ಒಂದು ಸಲವಾದರೂ ಆಕೆಯನ್ನು ಲೆಕ್ಕದಲ್ಲಿ ಕೆಡವಬೇಕೆಂಬುದು ಅವನ ಬಹುದಿನದ ಆಸೆ.

ಈ ಸಲ ಬಳ್ಳಿ ಕಿತ್ತು ಒಣಹಾಕಿದ ದಿನ ಇದ್ದಿಲು ಹಿಡಿದು ಪಡಸಾಲೆಯ ಗೋಡೆಯ ಮುಂದೆ ಕೂತ. ಏಳಕ್ಕೆ ಒಂದು ಎಂದರೆ ಹದಿನಾಲ್ಕಕ್ಕೆ ಎರಡು. ಹಾಗಾದರೆ ಹದಿನೈದಕ್ಕೆ ಎರಡು ಕೊಟ್ಟರೆ? ಏಳಕ್ಕೂ ಹದಿನೈದಕ್ಕೂ ಒಗ್ಗುವ ಸಂಖ್ಯೆ ನೂರಾ ಐದು. ನೂರಾ ಐದು ಬುಟ್ಟಿಯಲ್ಲಿ ಏಳಕ್ಕೊಂದರಂತೆ ಹೋಗುವುದು ಹದಿನೈದು, ಹದಿನೈದಕ್ಕೆರಡರಂತೆ ಹೋಗುವುದು ಹದಿನಾಲ್ಕು. ಕೇಳುವ ಕಿವಿಗೆ ಮಾತ್ರ ಒಂದಕ್ಕಿಂತ ಎರಡು ದೊಡ್ಡದು. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಗೋಡೆ ಮಸಿ ಮಾಡಿದ್ದಕ್ಕೆ ಬೈಯಲು ಬಂದ ಹೆಂಡತಿ ಲಿಂಗಕ್ಕ ಎಲ್ಲವನ್ನೂ ಕೇಳಿ, ಇಷ್ಟೆಲ್ಲ ಕಸರತ್ತು ಒಂದು ಬುಟ್ಟಿ ಉಳಿಸುವುದಕ್ಕಾ ಎಂದು ನಕ್ಕಳು. ಆಮೇಲೆ ನಗು ಬಿಟ್ಟು, "ಆಕಿ ಮುನಿಸ್ಕೊಂಡ್ರ ಮುಂದಿನ ವರ್ಷ ನಮ್ ಹೊಲಕ್ಕ ಯಾರೂ ಬರಂಗಿಲ್ಲ. ನೀನೂ ನಾನೂ ಕುಂತು ಬಿಡಿಸ್ಬೇಕಾಕೈತಿ, ನೋಡ್ಕೊ," ಎಂದಳು.

ನರಸಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ವೀರಬಸಮ್ಮ ಹನ್ನೆರಡು ಹೆಂಗಸರೊಂದಿಗೆ ಬಂದಾಗ, ಎಲ್ಲರೂ ಒಂದು ಬುಟ್ಟಿ ಕೊಟ್ಟರೆ ತಾನು ಎರಡು ಕೊಡುವುದಾಗಿ ದೊಡ್ಡ ದನಿಯಲ್ಲಿ ಹೇಳಿ, ಹದಿನೈದಕ್ಕೆ ಎಂಬುದನ್ನು ಮೆಲ್ಲಗೆ ಸೇರಿಸಿದ. ಹೆಂಗಸರು ಮುಖ ಮುಖ ನೋಡಿಕೊಂಡರು. ವೀರಬಸಮ್ಮ ಬೆರಳು ಮಡಚಿದಳು, ಬಿಚ್ಚಿದಳು, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಆಗಲಿ ಎಂದಳು. ಇಷ್ಟು ಸುಲಭವಾಗಿ ಗೆದ್ದದ್ದಕ್ಕೆ ನರಸಪ್ಪನಿಗೆ ಖುಷಿಯ ಜೊತೆ ಸ್ವಲ್ಪ ಬೇಜಾರೂ ಆಯಿತು.

ಎರಡು ದಿನ ಕೆಲಸ ನಡೆಯಿತು. ಬೇರೆ ಹೊಲಗಳಲ್ಲಿ ಒಂದು ಕಾಯಿಯನ್ನೂ ಬಾಯಿಗೆ ಹಾಕದ ತಂಡ ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೆಲ್ಲುತ್ತಲೇ ಇತ್ತು. ನರಸಪ್ಪ ಕಂಡರೂ ಕಾಣಲಿಲ್ಲ, ಅವನ ಜೀವವೆಲ್ಲ ಎಣಿಕೆಯಲ್ಲಿತ್ತು. ಹದಿನೈದು ಬುಟ್ಟಿ ತುಂಬಿದ ಕೂಡಲೇ ಎರಡನ್ನು ಎತ್ತಿ ಅವರ ಕಡೆ ಇಡುವನು. ಹೀಗೆ ಆರು ಸಲ ಆಯಿತು. ಏಳನೆಯ ಸಲ ಹದಿನಾಲ್ಕು ತುಂಬುವಷ್ಟರಲ್ಲಿ ಬಳ್ಳಿ ಮುಗಿಯಿತು.

ನರಸಪ್ಪನ ಮುಖ ಇನ್ನಷ್ಟು ಅರಳಿತು. ಹದಿನೈದು ಆಗಿಲ್ಲವಾದ್ದರಿಂದ ಈ ಸುತ್ತಿಗೆ ಎರಡು ಪೂರ್ತಿ ಸಲ್ಲುವುದಿಲ್ಲ ಎಂದು ಕ್ಯಾತೆ ತೆಗೆದ. ವೀರಬಸಮ್ಮ ಎದ್ದು, ಹೆಂಗಸರು ಕೂತಿದ್ದ ಜಾಗದ ಸಿಪ್ಪೆಯನ್ನೆಲ್ಲ ಗುಡಿಸಿ ಒಂದು ಖಾಲಿ ಬುಟ್ಟಿಗೆ ಹಾಕಿದಳು. ಬುಟ್ಟಿ ತುಂಬಿತು. ಅದನ್ನು ತಂದು ಅವನ ಕಾಲ ಹತ್ತಿರ ಇಟ್ಟಳು.

"ಹದಿನೈದನೇದು ಇದು ನೋಡಣ್ಣ. ಕಾಳು ನಮ್ ಹೊಟ್ಯಾಗ ಐತಿ."

ನರಸಪ್ಪನ ಬೆರಳುಗಳು ತಾವಾಗಿ ಮಡಚಿಕೊಂಡವು. ಏಳು ಸಲ ಹದಿನೈದು, ನೂರಾ ಐದು. ಅವರಿಗೆ ಕೊಡಬೇಕಾದ್ದು ಹದಿನಾಲ್ಕು, ಅವರು ತಿಂದದ್ದು ಒಂದು, ಕೂಡಿ ಹದಿನೈದು. ಅಂದರೆ ಏಳಕ್ಕೆ ಒಂದೇ. ಮೊದಲ ದಿನ ಬೆರಳು ಮಡಚಿದಾಗಲೇ ಆಕೆ ಇದನ್ನೆಲ್ಲ ನೋಡಿಬಿಟ್ಟಿದ್ದಳು. ಪಕ್ಕದಲ್ಲಿ ನಿಂತಿದ್ದ ಲಿಂಗಕ್ಕ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ನರಸಪ್ಪನಿಗೆ ನಾಚಿಕೆಯಾಯಿತು, ಸೋತದ್ದಕ್ಕಲ್ಲ, ಒಂದು ಬುಟ್ಟಿಗೆ ಬಾಯಿಬಿಟ್ಟದ್ದಕ್ಕೆ. ಆ ಸುತ್ತಿನ ಎರಡು ಬುಟ್ಟಿ ಎತ್ತಿಟ್ಟ ಮೇಲೆ ತನ್ನ ರಾಶಿಯಿಂದ ಇನ್ನೊಂದನ್ನೂ ತಂದು ಆಕೆಯ ಮುಂದೆ ಇಟ್ಟ.

ಆಕೆ ಅದನ್ನು ಎತ್ತಿ ಮತ್ತೆ ಅವನ ರಾಶಿಗೇ ಸುರಿದಳು.

"ಬ್ಯಾಡ. ನಮ್ ಪಾಲು ನಮಗ ಮುಟ್ಟೈತಿ. ಮುಂದಿನ ವರ್ಷಾನೂ ಬರ್ತೀವಿ. ಸುಮ್ನ ಬಾಯಿ ಮುಚ್ಕೊಂಡು ಬಿಡಿಸ್ಬೇಕಾ, ಹಿಂಗ ತಿನ್ಕೋತ ಬಿಡಿಸ್ಬೇಕಾ, ಅದನ್ನ ನೀನ ಹೇಳು."

"ಏಳಕ್ಕೊಂದು ಅಕ್ಕ," ಎಂದ ನರಸಪ್ಪ.