ಖಾಲಿ ಚಿಪ್ಪು ತಂದವರಿಗೆ ಮಾತ್ರ

ನಹಾಸಾ ಬೆಟ್ಟದ ಕಾಡಿನಲ್ಲಿ ಬಂದೂಕಿನ ತೋಟೆ ತುಂಬುವ ಗುಡಿಸಲು ನನ್ನ ಕೈಯಲ್ಲಿತ್ತು. ಸ್ಪೇನಿನವರನ್ನು ಕ್ಯೂಬಾದಿಂದ ಓಡಿಸಲು ಎದ್ದ ನಮ್ಮ ದಂಡಿನಲ್ಲಿ ಧೈರ್ಯಕ್ಕೆ ಬರವಿರಲಿಲ್ಲ, ತೋಟೆಗೆ ಬರವಿತ್ತು. ಹಡಗಿನಲ್ಲಿ ಬರಬೇಕಾದ ಮದ್ದುಗುಂಡು ಅರ್ಧಕ್ಕರ್ಧ ಸಮುದ್ರದ ಪಾಲಾಗುತ್ತಿತ್ತು. ಅದಕ್ಕೇ ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪನ್ನು ವಾಪಸು ತರಿಸಿಕೊಂಡು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಸೀಸದ ಗುಂಡು ಒತ್ತಿ ಕೊಡುತ್ತಿದ್ದೆವು. ಖಾಲಿ ಎಷ್ಟು ತಂದರೆ ತುಂಬಿದ್ದು ಅಷ್ಟೇ. ಈ ಕಟ್ಟುಪಾಡು ಮಾಡಿದವಳು ನಾನೇ, ಅದರ ಜಂಬವೂ ನನಗಿತ್ತು.

ಒಂದು ಬೆಳಿಗ್ಗೆ ನನ್ನ ಅಣ್ಣ ಸೆರಾಪಿಯೊ ಸಾಲಿನಲ್ಲಿ ಬಂದು ನಿಂತ. ಕೈಯಲ್ಲಿ ಮೂರೇ ಚಿಪ್ಪು.

“ಇಪ್ಪತ್ತು ತಗೊಂಡು ಹೋಗಿದ್ದೆಯಲ್ಲ, ಉಳಿದಿದ್ದೆಲ್ಲಿ?”

“ಕುದುರೆ ಮೇಲೆ ಅಟ್ಟಿಸ್ಕೊಂಡು ಬಂದ್ರು ಕಣೇ. ‘ಸ್ವಲ್ಪ ತಡೀರಪ್ಪಾ, ಹೆಕ್ಕೊಂಡು ಬಿಡ್ತೀನಿ, ನನ್ನ ತಂಗಿ ಬೈತಾಳೆ’ ಅನ್ಬೇಕಿತ್ತಾ?”

ಸಾಲೆಲ್ಲ ನಕ್ಕಿತು. ಹಿಂದಿನಿಂದ ಯಾರೋ, “ತಂಗಿ ಕೈಲೇ ಗಂಟಿದೆ, ನಿನಗೇನಯ್ಯ ಕಮ್ಮಿ!” ಅಂದರು. ಆ ಮಾತು ನನಗೆ ಚುಚ್ಚಿತು.

“ಓಡೋಕೆ ಬರುತ್ತೆ, ಬಗ್ಗೋಕೆ ಬರಲ್ವಾ?” ಎಂದು ಎಲ್ಲರ ಮುಂದೆ ಅಂದುಬಿಟ್ಟೆ. ಮೂರು ತೋಟೆ ಎಣಿಸಿ ಕೊಟ್ಟೆ. ಮೇಜಿನಡಿ ಒಂದು ಚೀಲ ತುಂಬ ಇದ್ದವು.

ಅಣ್ಣನ ಮುಖ ಸಣ್ಣದಾಯಿತು. “ಆಯ್ತಮ್ಮಾ, ಸ್ಪೇನಿನ ರಾಣಿ” ಎಂದು ಹೊರಟ. ಅವನಿಗೆಂದೇ ಸಿಹಿಗೆಣಸು ಬೇಯಿಸಿಟ್ಟಿದ್ದೆ. ತಿಂದು ಹೋಗು ಅನ್ನಲಿಲ್ಲ.

ಎಂಟು ದಿನದ ಮೇಲೆ ಅವನ ಜೊತೆಗಾರ ತಿಬುರ್ಸಿಯೊ ಬಂದ. ಎದೆಗೆ ಅವಚಿಕೊಂಡಿದ್ದದ್ದು ಅಣ್ಣನ ತಾಳೆಗರಿ ಟೋಪಿ. ಅದರ ತುಂಬ ಖಾಲಿ ಚಿಪ್ಪು.

“ಹಿಂದಕ್ಕೆ ಬನ್ನಿ ಅಂತ ಕಹಳೆ ಊದಿದ್ರು, ನಿಕೊಲಾಸಾ. ಎಲ್ರೂ ಓಡಿದ್ವಿ. ಅವನೊಬ್ಬ ಬಗ್ಗಿ ಹೆಕ್ತಾನೇ ಇದ್ದ. ‘ಬಾರೋ ಮಾರಾಯ’ ಅಂತ ಕೂಗ್ದೆ. ‘ಬಂದೆ, ಇನ್ನೆರಡು’ ಅಂದ. ಅಷ್ಟರಲ್ಲಿ ಗುಂಡು ಬಿತ್ತು. ಆಮೇಲೆ ಹೋಗಿ ಎತ್ತಿದ್ರೆ, ಟೋಪಿ ಅವನ ಮೈಯಡಿ ಇತ್ತು.”

ಅವನ ಹತ್ತಿರ ಇದ್ದದ್ದು ಮೂರೇ ತೋಟೆ. ಟೋಪಿಯಲ್ಲಿದ್ದವು ಎಲ್ಲರವೂ.

ತಿಬುರ್ಸಿಯೊ ನೆಲ ನೋಡುತ್ತ, “ಇವಕ್ಕೆ ಬದಲು... ತುಂಬಿದ್ದು ಕೊಡ್ತೀಯಾ? ನಮ್ಮ ಹತ್ರ ಒಂದೂ ಇಲ್ಲ” ಎಂದ.

ಮೇಜಿನಡಿಯ ಚೀಲವನ್ನು ಎಣಿಸದೆ ಎತ್ತಿ ಕೊಟ್ಟೆ. ಅಂದೇ ಹೀಗೆ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?