ಕೈ ಹಿಡಿದು ನೋಡ್ರಿ

"ಏ ಗುಡ್ಡವ್ವ, ಕುರ್ಚಿ ಮ್ಯಾಲ ಯಾಕ ಕುಂತಿ? ಹೊರಗ ಕಟ್ಟಿ ಮ್ಯಾಲ ಕುಂದ್ರು. ಕಡೀಕ ಕರೀತೀವಿ."

ನಿವೃತ್ತ ನೌಕರರ ಸಂಘದ ಅಧ್ಯಕ್ಷ ಪ್ರಭುಲಿಂಗಪ್ಪ ಹೀಗೆಂದಾಗ ಗುಡ್ಡವ್ವ ಎದ್ದು ಹೊರಗೆ ಹೋದಳು. ನರಗುಂದದ ಸಂಘದ ಕೋಣೆಯಲ್ಲಿ ಅಂದು ತಪಾಸಣೆ. ಡಾಕ್ಟರು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರೆ ಪಿಂಚಣಿಯ ಜೊತೆಗೆ ವೈದ್ಯಕೀಯ ಭತ್ಯೆ ಸಿಗುತ್ತದೆಂದು ಹೇಳಿಕಳಿಸಿದ್ದರು. ಸರಕಾರಿ ದವಾಖಾನೆಯ ಕಸ ಗುಡಿಸಿ, ಹೆಣದ ಕೋಣೆ ತೊಳೆದು ನಿವೃತ್ತಳಾದವಳು ಅವಳು. ಈಚೆಗೆ ಸುಮ್ಮನೆ ಕುಳಿತಾಗಲೂ ಎದೆ ಬಡಿದುಕೊಳ್ಳುತ್ತಿತ್ತು. ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಒಳಗೆ ಹಳೆಯ ಮಾಸ್ತರರು, ಗುಮಾಸ್ತರು ತೋಳು ಚಾಚುತ್ತಿದ್ದರು. ಡಾಕ್ಟರು ಬಿಪಿ ಪಟ್ಟಿ ಸುತ್ತಿ, ನಾಡಿ ಹಿಡಿದು, ಚಹಾ ಕಡಿಮೆ ಮಾಡಿರೆಂದು ಬೆನ್ನು ತಟ್ಟುತ್ತಿದ್ದರು. ಗುಡ್ಡವ್ವ ಕಿಟಕಿಯಿಂದ ಆ ಕೈಯನ್ನೇ ನೋಡಿದಳು. ಗಂಡನಿದ್ದಾಗ ಬಳೆ ಮಾರುವ ಮುಮತಾಜಬಿ ಇವಳ ಅಂಗೈ ಹಿಂಡಿ ಹಿಂಡಿ ಮೆತ್ತಗೆ ಮಾಡಿ ಬಳೆ ಏರಿಸುತ್ತಿದ್ದಳು. ಅವನು ಸತ್ತ ಮೇಲೆ ಮುಮತಾಜಬಿಯ ಬುಟ್ಟಿ ಇವಳ ಬಾಗಿಲಲ್ಲಿ ಇಳಿಯಲಿಲ್ಲ. ಆಮೇಲೆ ಈ ಕೈಯನ್ನು ಯಾರೂ ಹಿಡಿದಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವಳನ್ನು ಕರೆದರು. ಅಷ್ಟರಲ್ಲಿ ಡಾಕ್ಟರು ಬಿಪಿ ಪಟ್ಟಿಯನ್ನು ಚೀಲಕ್ಕೆ ಸೇರಿಸಿ, ಅವಳ ಪ್ರಮಾಣಪತ್ರಕ್ಕೆ ಸಹಿ ಹಾಕಿ ಮೇಜಿನ ತುದಿಗೆ ಸರಿಸಿದ್ದರು.

"ತಗೊ. ನಿನ್ನ ಕೆಲಸ ಮುಗೀತು," ಎಂದ ಪ್ರಭುಲಿಂಗಪ್ಪ.

"ಸಾಹೇಬ್ರು ನನ್ನ ನೋಡೇ ಇಲ್ಲಲ್ರಿ."

"ನೋಡೂದೇನೈತಿ? ರೊಕ್ಕ ಬರತೈತಿಲ್ಲೋ? ಬಾಯಿ ಮುಚಗೊಂಡು ಹೋಗು."

ಗುಡ್ಡವ್ವ ಕುರ್ಚಿ ಎಳೆದು ಡಾಕ್ಟರ ಎದುರು ಕುಳಿತಳು. ತೋಳನ್ನು ಮೇಜಿನ ಮೇಲಿಟ್ಟಳು.

"ಸೊಕ್ಕ ನೋಡ್ರಿ ರಂಡೀದು," ಎಂದು ಪ್ರಭುಲಿಂಗಪ್ಪ ಎದ್ದು ನಿಂತ.

ಅವಳು ಅವನ ಕಡೆ ತಿರುಗಲಿಲ್ಲ. ದನಿಯೂ ಏರಲಿಲ್ಲ.

"ಕಾಲುವ್ಯಾಗ ಬಿದ್ದು ಸತ್ತು ಉಬ್ಬಿದ್ದ ನಿಮ್ಮಪ್ಪನ್ನ ಎತ್ತಿ ತೊಳದಾಕಿ ನಾನ. ಅವತ್ತ ನೀವು ಮೂಗ ಮುಚಗೊಂಡು ದೂರ ನಿಂತಿದ್ರಿ. ನಾ ಇನ್ನಾ ಹೆಣ ಆಗಿಲ್ರಿ. ಸಾಹೇಬ್ರ, ಕೈ ಹಿಡದು ನೋಡ್ರಿ."

ಡಾಕ್ಟರು ಪ್ರಭುಲಿಂಗಪ್ಪನ ಮುಖ ನೋಡಿ, ಚೀಲದ ಜಿಪ್ಪು ತೆಗೆದರು. ಅವರು ಹೊರತೆಗೆದದ್ದು ಬಿಪಿ ಪಟ್ಟಿಯನ್ನಲ್ಲ, ರಬ್ಬರಿನ ಕೈಗವಸುಗಳನ್ನು. ಬೆಳಗಿನಿಂದ ಯಾರನ್ನು ಮುಟ್ಟುವಾಗಲೂ ಅವನ್ನು ಹಾಕಿಕೊಂಡಿರಲಿಲ್ಲ. ಒಂದನ್ನು ಊದಿ, ಬೆರಳು ಬೆರಳಾಗಿ ಏರಿಸಿಕೊಳ್ಳತೊಡಗಿದರು.

ಗುಡ್ಡವ್ವ ಪ್ರಮಾಣಪತ್ರವನ್ನು ಎತ್ತಿಕೊಂಡು ಎರಡಾಗಿ ಹರಿದಳು, ಮತ್ತೆ ನಾಲ್ಕಾಗಿ. ಚೂರುಗಳನ್ನು ಮೇಜಿನ ಮೇಲೆ ಬಿಟ್ಟು, ತೋಳನ್ನು ಮೊದಲಿದ್ದಲ್ಲಿಯೇ ಚಾಚಿ, ಕುಳಿತಳು.